ಕಲ್ಲುಹೂವಿಗೆ ಹೆಸರಿಟ್ಟ ಬಗೆ

ಬೆಂಗಳೂರಿನ ಉತ್ತರಕ್ಕಿರುವ, 1,478 ಮೀಟರ್ ಎತ್ತರದ ನಂದಿ ಬೆಟ್ಟದ ಬಂಡೆಗಳಿಗೂ ಮರಗಳಿಗೂ ಅಂಟಿಕೊಂಡು ಬೆಳೆಯುವ ಕಲ್ಲುಹೂವು, ಬಿಸಿಬೇಳೆಬಾತಿನ ಪುಡಿಗೆ ಹಾಕುವ ಎಲೆಯಂಥ ಬಗೆಯಿಂದಾಗಿ ಕನ್ನಡದ ಅಡುಗೆಮನೆಗೆ ಪರಿಚಿತವೇ ಆಗಿದ್ದರೂ, ಶಾಸ್ತ್ರಕ್ಕೆ ಅದು ಬಹುಕಾಲ ಒಗಟಾಗಿತ್ತು. 1753ರಲ್ಲಿ ಲಿನೇಯಸ್ ಇವನ್ನೆಲ್ಲ ‘ಲೈಕೆನ್’ ಎಂಬ ಒಂದೇ ಕುಲಕ್ಕೆ ಸೇರಿಸಿದರು. ಅವರ ಶಿಷ್ಯ ಎರಿಕ್ ಅಕೇರಿಯಸ್ 1803 ಮತ್ತು 1810ರ ಗ್ರಂಥಗಳಲ್ಲಿ ಹಲವು ಕುಲಗಳಾಗಿ ವಿಂಗಡಿಸಿದರು. 1860ರ ದಶಕದ ಕೊನೆಗೆ ಸೈಮನ್ ಶ್ವೆಂಡೆನರ್, ಇದು ಒಂದೇ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ ಎಂದು ತೋರಿಸಿದಾಗ, ಆ ಕಾಲದ ಹಿರಿಯ ತಜ್ಞ ವಿಲಿಯಂ ನೈಲಾಂಡರ್ ಅದನ್ನು ಒಪ್ಪಲಿಲ್ಲ.

ಆದರೂ ನೈಲಾಂಡರ್ 1866ರಲ್ಲಿ ಬಳಕೆಗೆ ತಂದ ರಾಸಾಯನಿಕ ಪರೀಕ್ಷೆ ಇಂದಿಗೂ ಉಳಿದಿದೆ. ಕಲ್ಲುಹೂವಿನ ಮೈಮೇಲೆ ಕಾಸ್ಟಿಕ್ ಪೊಟ್ಯಾಷ್ ದ್ರಾವಣದ ಒಂದು ಹನಿ ಬಿಟ್ಟಾಗ, ಅದರಲ್ಲಿ ನಾರ್‌ಸ್ಟಿಕ್ಟಿಕ್ ಆಮ್ಲವಿದ್ದರೆ ಆ ಜಾಗ ಮೊದಲು ಹಳದಿಯಾಗಿ, ನೋಡನೋಡುತ್ತಿದ್ದಂತೆ ಕೆಂಪಾಗುತ್ತದೆ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಎರಡು ಪ್ರಭೇದಗಳು ಹೀಗೆ ಬೇರೆಬೇರೆಯಾಗುತ್ತವೆ. ಅದೇ ವರ್ಷ ಅವರು, ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಕಲ್ಲುಹೂವು ಉಳಿದಿರುವುದೇ ಅಲ್ಲಿನ ಗಾಳಿ ಶುದ್ಧವೆಂಬುದಕ್ಕೆ ಗುರುತು ಎಂದರು; ಬೆಂಗಳೂರಿನ ಲಾಲ್‌ಬಾಗಿನ ಕಲ್ಲುಹೂವುಗಳಲ್ಲಿ ಸೇರಿಕೊಂಡ ಭಾರಲೋಹಗಳನ್ನು ಅಳೆದು 2003ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಹಾದಿಯದು.

ದಕ್ಷಿಣದ ಮಲೆಗಳ ಕಲ್ಲುಹೂವುಗಳಿಗೆ ಹೆಸರು ಸಿಕ್ಕಿದ್ದು ಮಾತ್ರ ದೂರದಲ್ಲಿ. ಸಸ್ಯಸಂಗ್ರಾಹಕ ಪೆರೊಟೆ ನೀಲಗಿರಿಯಲ್ಲಿ ಆಯ್ದದ್ದನ್ನು ಸಸ್ಯಶಾಸ್ತ್ರಜ್ಞ ಮೊಂಟಾಞ್ 1842ರಲ್ಲಿ ಫ್ರಾನ್ಸಿನಲ್ಲಿ ವಿವರಿಸಿದರು. ಒಂದು ಹೆಸರು ಯಾವ ಜೀವಿಗೆ ಸಲ್ಲುತ್ತದೆಂಬುದನ್ನು ಶಾಶ್ವತವಾಗಿ ನಿಶ್ಚಯಿಸುವ ಒಣಗಿದ ಮಾದರಿ ಪ್ರತಿಗಳು ಯುರೋಪಿನಲ್ಲೇ ಉಳಿದದ್ದರಿಂದ, ಇಲ್ಲಿ ಸಿಕ್ಕಿದ್ದು ಹೊಸದೇ ಎಂದು ಹೇಳಲು ಅಲ್ಲಿನ ಪೊಟ್ಟಣಗಳೊಡನೆ ಹೋಲಿಸಬೇಕಾಗುತ್ತಿತ್ತು. ಈ ಪರಾವಲಂಬನೆಯನ್ನು ತಗ್ಗಿಸಿದ ಕೀರ್ತಿ ಬಹುಪಾಲು ಲಖನೌದ ಧರಣೀಧರ ಅವಸ್ಥಿಯವರಿಗೆ ಸಲ್ಲಬೇಕು: 1988 ಮತ್ತು 1991ರಲ್ಲಿ ಅವರು ಹೊರತಂದ ಗುರುತಿನ ಕೈಪಿಡಿಗಳು, ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಪ್ರಭೇದದವರೆಗೆ ಕರೆದೊಯ್ಯುತ್ತವೆ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಪಶ್ಚಿಮಘಟ್ಟದ ಸಂಗ್ರಹ ಬೆಳೆಯಿತು; 2010ರ ಪಟ್ಟಿಯಲ್ಲಿ ಭಾರತದ 2,303 ಪ್ರಭೇದಗಳಿದ್ದವು.

ಅದೇ ಪುಣೆಯ ಸಂಸ್ಥೆಯ ಸಂಶೋಧಕರು ಪಶ್ಚಿಮಘಟ್ಟದಿಂದ ವರ್ಣಿಸಿ, 2025ರಲ್ಲಿ ಸುದ್ದಿಯಾದ ‘ಅಲ್ಲೋಗ್ರಾಫಾ ಎಫ್ಯೂಸೊಸೊರೆಡಿಕಾ’ ಎಂಬ ಹೊಸ ಪ್ರಭೇದದಲ್ಲಿ ಹಳೆಯ, ಹೊಸ ವಿಧಾನಗಳೆರಡೂ ಕೂಡಿವೆ. ಪಾಚಿಯ ಕೋಶಗಳನ್ನು ಶಿಲೀಂಧ್ರದ ಎಳೆಗಳು ಸುತ್ತಿಕೊಂಡ ಹುಡಿ, ಅಂದರೆ ಸೊರೀಡಿಯಾ, ಅದರ ಮೈಮೇಲೆ ಹರಡಿರುತ್ತದೆ. ಒಳಗೆ ನಾರ್‌ಸ್ಟಿಕ್ಟಿಕ್ ಆಮ್ಲವಿದೆ. ಹೊರನೋಟಕ್ಕೆ ಅದು ‘ಗ್ರಾಫಿಸ್ ಗ್ಲಾಸೆಸೆನ್ಸ್’ ಎಂಬುದನ್ನು ಹೋಲಿದರೂ, ಡಿಎನ್‌ಎ ಹೋಲಿಕೆಯಲ್ಲಿ ‘ಅಲ್ಲೋಗ್ರಾಫಾ ಕ್ಸಾಂಥೊಸ್ಪೋರಾ’ಕ್ಕೆ ಹತ್ತಿರದ ನಂಟೆಂದು ತಿಳಿದುಬಂತು.