ಕಂಪ್ಯೂಟರ್‌ನಲ್ಲಿ ‘ಪಾಸ್’ ಆದ ಕಟ್ಟಡ ಭೂಕಂಪಕ್ಕೆ ಬೀಳುವುದಿಲ್ಲವೇ?

ನಂಬಿಕೆ: ನಮ್ಮದು ಭೂಕಂಪದ ಭಯವಿಲ್ಲದ ಜಿಲ್ಲೆ. ಜೊತೆಗೆ ಎಂಜಿನಿಯರ್ ‘ಪುಷ್‌ಓವರ್’ ಪರೀಕ್ಷೆ ಮಾಡಿದ್ದಾರೆ. ಇನ್ನು ಚಿಂತೆಯಿಲ್ಲ.

ನಿಜ: ಅರ್ಧ ಮಾತ್ರ ಸರಿ.

ಐಎಸ್ 1893ರ 2016ರ ಆವೃತ್ತಿಯಲ್ಲಿ ಚಿತ್ರದುರ್ಗ ಇರುವುದು ಅತಿ ಕಡಿಮೆ ಅಪಾಯದ ವಲಯ 2ರಲ್ಲಿ. ಆದರೆ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನರನ್ನು ಬಲಿ ಪಡೆದ ಲಾತೂರಿನ ಕಿಲ್ಲಾರಿ ಪ್ರದೇಶ ಆಗ ಅದಕ್ಕಿಂತಲೂ ಸುರಕ್ಷಿತ ಎನಿಸಿದ್ದ ವಲಯ 1ರಲ್ಲಿತ್ತು. ಆ ವಲಯವನ್ನೇ 2002ರಲ್ಲಿ ಕೈಬಿಡಲಾಯಿತು.

ಪುಷ್‌ಓವರ್ ಎಂದರೇನು?

ಕಟ್ಟಡದ ಮಾದರಿಯನ್ನು ಕಂಪ್ಯೂಟರ್‌ನಲ್ಲಿ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಳ್ಳುತ್ತಾ ಹೋಗುವುದು. ಮೊದಲು ಬಾಗುವುದು ಯಾವ ಬೀಮ್, ಯಾವ ಕಂಬ, ಛಾವಣಿ ಎಷ್ಟು ಸರಿದಾಗ ಶಕ್ತಿ ಕುಂದುತ್ತದೆ ಎಂದು ಇದರಿಂದ ತಿಳಿಯುತ್ತದೆ. ಬೀಮ್ ಮೊದಲು ಬಾಗಿದರೆ ಒಳ್ಳೆಯದು. ಕಂಬ ಮೊದಲು ಸೋತರೆ ಅಪಾಯ.

ಲೆಕ್ಕ ನಡುವೆಯೇ ನಿಂತರೆ?

ಕಟ್ಟಡ ಅಲ್ಲಿಗೇ ಬಿತ್ತು ಎಂದಲ್ಲ. ಲೆಕ್ಕವೇ ಕೂಡಿಬರದೆ ನಿಂತಿರಬಹುದು. ಎಂಜಿನಿಯರ್ ನೋಡಬೇಕಾದದ್ದು:

• ಕಟ್ಟಡದ ಸ್ವಂತ ಭಾರವನ್ನು ಮೊದಲು ಹೊರಿಸಿ, ಆಮೇಲೆ ತಳ್ಳಲಾಗಿದೆಯೇ?
• ಬೀಮ್, ಕಂಬ ಎಲ್ಲಾದರೂ ಸರಿಯಾಗಿ ಜೋಡಣೆಯಾಗದೆ ಉಳಿದಿದೆಯೇ?
• ತಳ್ಳುವ ಹಂತಗಳು ತೀರಾ ದೊಡ್ಡದಾಗಿವೆಯೇ?
• ಬಲದ ಬದಲು ಸರಿತದ ಅಳತೆ ಇಟ್ಟುಕೊಂಡು ತಳ್ಳಲಾಗಿದೆಯೇ? ಶಕ್ತಿ ಕುಂದಿದ ಮೇಲಿನ ಸ್ಥಿತಿ ಹೀಗೆ ಮಾಡಿದರಷ್ಟೇ ಕಾಣುತ್ತದೆ.

ಲೆಕ್ಕ ಪೂರ್ತಿಯಾದರೂ ತಪ್ಪಿರಬಹುದು

ಮೇಲಿನ ಮಹಡಿಗಳ ಇಟ್ಟಿಗೆ ಗೋಡೆಗಳನ್ನು ಮಾದರಿಯಲ್ಲಿ ಬಿಟ್ಟರೆ, ಗೋಡೆಯಿಲ್ಲದ ಕೆಳಮಹಡಿಯ ದೌರ್ಬಲ್ಯ ಮರೆಯಾಗುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಕೆಳಗೆ ಬರೀ ಕಂಬಗಳ ಪಾರ್ಕಿಂಗ್ ಇದ್ದ ಹಲವು ಅಪಾರ್ಟ್‌ಮೆಂಟ್‌ಗಳು ಕುಸಿದವು. ತೀರಾ ಎತ್ತರದ, ಓರೆಕೋರೆ ಆಕಾರದ ಕಟ್ಟಡಗಳಿಗಂತೂ ಸಾಮಾನ್ಯ ಪುಷ್‌ಓವರ್ ಒಂದೇ ಸಾಲದು.

ನೀವೇನು ಮಾಡಬಹುದು?

ಮಾಡದಕೆರೆಯಲ್ಲಾಗಲಿ ಹೊಸದುರ್ಗದಲ್ಲಾಗಲಿ, ಕೆಳಗೆ ಮಳಿಗೆ, ಮೇಲೆ ಮನೆ ಕಟ್ಟಿಸುವವರು ಎಂಜಿನಿಯರ್‌ಗೆ ಎರಡು ಪ್ರಶ್ನೆ ಕೇಳಿ: ಗೋಡೆಗಳನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ತೆರೆದ ಕೆಳಮಹಡಿಯನ್ನು ಹೇಗೆ ಗಟ್ಟಿ ಮಾಡಿದ್ದೀರಿ? ಕಾಂಕ್ರೀಟ್ ಹಾಕುವ ಮುನ್ನ ಕಂಬದ ರಿಂಗ್‌ಗಳನ್ನೂ ನೋಡಿ. ಅವುಗಳ ತುದಿ 135 ಡಿಗ್ರಿ ಬಾಗಿ ಒಳಮುಖವಾಗಿರಬೇಕು. 90 ಡಿಗ್ರಿಗೆ ನಿಂತರೆ ಜೋರು ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತವೆ.

ಪರೀಕ್ಷೆ ತೋರಿಸುವುದು ಕಾಗದದ ಮೇಲಿನ ಕಟ್ಟಡವನ್ನು. ನೀವು ವಾಸಿಸುವುದು ಕಟ್ಟಿದ ಕಟ್ಟಡದಲ್ಲಿ. ಎರಡೂ ಒಂದೇ ಆಗಿರುವಂತೆ ನೋಡಿಕೊಳ್ಳಿ.