ಪರದೇಶೀ ಕಂಪೆನಿಗಳೂ ದಾಖಲೆ ಸಲ್ಲಿಕೆಯ ನಿಯಮವೂ

ಕಂಪೆನಿಯೆಂಬುದು ಕಾಯಿದೆಯು ಕಲ್ಪಿಸಿದ ವ್ಯಕ್ತಿ, ಅದಕ್ಕೆ ಶರೀರವಿಲ್ಲ. ಸಮುದ್ರದಾಚೆ ಹುಟ್ಟಿದ ಇಂತಹ ವ್ಯಕ್ತಿಯು ನಮ್ಮ ಊರಿನಲ್ಲಿ ಸಾಲಮಾಡಿ ತೀರಿಸದಿದ್ದರೆ, ಸಾಲ ಕೊಟ್ಟವನು ಸಮನ್ಸನ್ನು ಯಾರಿಗೆ ಜಾರಿಮಾಡಿಸಬೇಕು? ನೀರಸವಾಗಿ ತೋರುವ ದಾಖಲೆ ಸಲ್ಲಿಕೆಯ ನಿಯಮಗಳ ಮೂಲದಲ್ಲಿರುವುದು ಈ ಪ್ರಶ್ನೆಯೇ. ಅವುಗಳ ಬೆಳವಣಿಗೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

ಬ್ರಿಟನ್ನಿನ 1907ರ ಕಂಪೆನಿ ಕಾಯಿದೆಯ 35ನೆಯ ಪ್ರಕರಣವು, ಅಲ್ಲಿ ವ್ಯವಹಾರಸ್ಥಾನವುಳ್ಳ ಪರದೇಶೀ ಕಂಪೆನಿಗಳು ತಮ್ಮ ಸ್ಥಾಪನಾಪತ್ರ, ನಿರ್ದೇಶಕರ ಪಟ್ಟಿ, ನೋಟೀಸು ಸ್ವೀಕರಿಸತಕ್ಕ ಸ್ಥಳೀಯ ವ್ಯಕ್ತಿಯ ಹೆಸರು ಮತ್ತು ವಿಳಾಸ ಇವುಗಳನ್ನು ರಿಜಿಸ್ಟ್ರಾರರಿಗೆ ಒಪ್ಪಿಸಬೇಕೆಂದು ವಿಧಿಸಿತು. ಭಾರತದ 1913ರ ಕಾಯಿದೆಯ 277ನೆಯ ಪ್ರಕರಣವು ಇದನ್ನೇ ಅನುಸರಿಸಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಆ ಪ್ರಕರಣವು ಹೇಳಿದ್ದು ಬ್ರಿಟಿಷ್ ಇಂಡಿಯಾದ ಹೊರಗೆ ಸ್ಥಾಪಿತವಾದ ಕಂಪೆನಿಗಳನ್ನು ಕುರಿತು. ಆದ್ದರಿಂದ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಕಂಪೆನಿಯು ಮದರಾಸಿನಲ್ಲಿ ಕಚೇರಿ ತೆರೆದರೆ, ಕಾಯಿದೆಯ ಕಣ್ಣಿಗೆ ಅದೂ ಲಂಡನ್ನಿನ ಕಂಪೆನಿಯಂತೆಯೇ ಹೊರಗಿನದಾಗಿತ್ತು. ಇತ್ತ, 1880ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಗಿ ಕೋಲಾರದಲ್ಲಿ ಚಿನ್ನ ತೆಗೆಯುತ್ತಿದ್ದ ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿಗೆ, ಸಂಸ್ಥಾನದೊಳಗೆ ಆ ಕಾಯಿದೆಯು ತಾನಾಗಿ ಅನ್ವಯಿಸುತ್ತಿರಲಿಲ್ಲ. ಪರದೇಶವೆಂಬುದು ಭೂಗೋಳದ ಮಾತಲ್ಲ, ಅಧಿಕಾರವ್ಯಾಪ್ತಿಯ ಮಾತು.

ಸ್ವತಂತ್ರ ಭಾರತದ 1956ರ ಕಾಯಿದೆಯು ಈ ವಿಷಯಕ್ಕೆ 591ರಿಂದ 602ರ ವರೆಗಿನ ಪ್ರಕರಣಗಳನ್ನು ಮೀಸಲಿಟ್ಟಿತು. ವ್ಯವಹಾರಸ್ಥಾನವನ್ನು ತೆರೆದ 30 ದಿನಗಳೊಳಗೆ ದಾಖಲೆಗಳನ್ನು ಒಪ್ಪಿಸಬೇಕು. ಮೂಲವು ಇಂಗ್ಲಿಷಿನಲ್ಲಿಲ್ಲದಿದ್ದರೆ ಪ್ರಮಾಣೀಕೃತ ಭಾಷಾಂತರವೂ ಬೇಕು. ಅಲ್ಲದೆ ಕಂಪೆನಿಯ ಹೆಸರನ್ನೂ ಅದು ಹುಟ್ಟಿದ ದೇಶವನ್ನೂ ಇಂಗ್ಲಿಷಿನೊಡನೆ ಸ್ಥಳೀಯ ಭಾಷೆಯ ಲಿಪಿಯಲ್ಲಿಯೂ ಕಚೇರಿಯ ಹೊರಗೆ ಬರೆಯಿಸಬೇಕು. ಬೆಂಗಳೂರಿನಲ್ಲಿ ಕನ್ನಡ ಮಾತ್ರ ಓದಬಲ್ಲ ವ್ಯಾಪಾರಿಗೂ ತಾನು ಯಾರೊಡನೆ ವ್ಯವಹರಿಸುತ್ತಿರುವೆನೆಂಬುದು ತಿಳಿಯಲೆಂಬುದೇ ಇದರ ಪ್ರಯೋಜನ.

ನಿಯಮ ಮುರಿದುದರ ಪರಿಣಾಮವು ಇನ್ನೂ ಅರ್ಥವತ್ತಾಗಿದೆ. 599ನೆಯ ಪ್ರಕರಣದಂತೆ ಕರಾರು ರದ್ದಾಗುತ್ತಿರಲಿಲ್ಲ, ಕಂಪೆನಿಯ ಮೇಲೆ ದಾವೆ ಹೂಡಬಹುದಿತ್ತು; ಆದರೆ ದಾಖಲೆ ಒಪ್ಪಿಸುವವರೆಗೆ ಕಂಪೆನಿಯು ತಾನೇ ದಾವೆ ಹೂಡುವಂತಿರಲಿಲ್ಲ. ತಪ್ಪಿನ ಭಾರವು ತಪ್ಪಿದವನ ಮೇಲೆಯೇ ಬೀಳುತ್ತದೆ.

2013ರ ಕಾಯಿದೆಯು 380 ಮತ್ತು 393ನೆಯ ಪ್ರಕರಣಗಳಲ್ಲಿ ಇದೇ ತತ್ತ್ವವನ್ನು ಉಳಿಸಿಕೊಂಡು, ವಿದ್ಯುನ್ಮಾನದ ಮೂಲಕ ವ್ಯವಹರಿಸುವ ಕಂಪೆನಿಗಳನ್ನೂ ಪರದೇಶೀ ಕಂಪೆನಿಯೆಂಬ ವ್ಯಾಖ್ಯೆಯೊಳಗೆ ತಂದಿತು. ಕಚೇರಿಯ ಬಾಗಿಲೇ ಇಲ್ಲದ ಕಂಪೆನಿಗಳ ಕಾಲದಲ್ಲಿಯೂ ಹಳೆಯ ಪ್ರಶ್ನೆಯು ಹಾಗೆಯೇ ಉಳಿದಿದೆ: ಉತ್ತರ ಕೊಡಬೇಕಾದವರು ಯಾರು, ಎಲ್ಲಿರುವರು? ಇದನ್ನು ಸಾಮಾನ್ಯನಿಗೆ ತಿಳಿಯಪಡಿಸುವುದರಲ್ಲಿಯೇ ಈ ನಿಯಮಗಳ ಸಾರ್ಥಕ್ಯವಿದೆಯೆಂದು ನಾವು ಭಾವಿಸುತ್ತೇವೆ.