ಹೊಟ್ಟೆಯೊಳಗೆ ವೇಷ ಬದಲಿಸುವ ಬ್ಯಾಕ್ಟೀರಿಯಾ

ಗಲ್ಫಿನಲ್ಲಿರುವ ನಮ್ಮವರ ರೂಮುಗಳಲ್ಲಿ ಅಕ್ಕಿ ಖಾಲಿಯಾದೀತು, ಗ್ಯಾಸ್ಟ್ರಿಕ್ ಮಾತ್ರೆ ಖಾಲಿಯಾಗುವುದಿಲ್ಲ. ಖಾರ ತಿಂದೆ, ನೈಟ್ ಡ್ಯೂಟಿ ಮಾಡಿದೆ, ಹೊತ್ತಿಗೆ ಸರಿಯಾಗಿ ಊಟವಿಲ್ಲ ಎಂದು ಕಾರಣ ಹೇಳುತ್ತೇವೆ. ಒಂದು ಕಾಲಕ್ಕೆ ವೈದ್ಯರೂ ಹೊಟ್ಟೆಹುಣ್ಣಿಗೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು.

1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಜಠರದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಬೆಳೆಸಲು ಹೆಣಗುತ್ತಿದ್ದರು. ಈಸ್ಟರ್ ರಜೆಯಿಂದಾಗಿ ಲ್ಯಾಬಿನ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದವು, ಬ್ಯಾಕ್ಟೀರಿಯಾ ಬೆಳೆಯಿತು. ಅದೇ ಹೆಲಿಕೊಬ್ಯಾಕ್ಟರ್ ಪೈಲೊರಿ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. (ಹೆಂಡತಿಗೆ ಮೊದಲೇ ಹೇಳಿರಲಿಲ್ಲವಂತೆ!) 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಸಾಮಾನ್ಯವಾಗಿ ಬಾಲ್ಯದಲ್ಲೇ ಒಳಸೇರುವ ಈ ಜೀವಿ ಔಷಧಿ ಕೊಡದಿದ್ದರೆ ಹತ್ತಾರು ವರ್ಷ ಇರುತ್ತದೆ. ದೇಹದ ಕಾವಲುಪಡೆ ಏನು ಮಾಡುತ್ತಿರುತ್ತದೆ? ಉತ್ತರದ ಒಂದು ಪಾಲು ಸಿಕ್ಕಿದ್ದು ಆಮ್‌ಸ್ಟರ್‌ಡ್ಯಾಮಿನ ದಕ್ಷಿಣಕ್ಕಿರುವ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿ. ಅಲ್ಲಿನ ಫ್ರೈ ವಿಶ್ವವಿದ್ಯಾಲಯದಲ್ಲಿ ಬೆನ್ ಆಪೆಲ್‌ಮೆಲ್ಕ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಹೊರಕವಚವನ್ನು ಪರೀಕ್ಷಿಸುತ್ತಿದ್ದರು. ಅದರ ಮೇಲೆ ಲೂಯಿಸ್ ಎಂಬ ಸಕ್ಕರೆಯ ಗುರುತುಗಳಿವೆ. ನಮ್ಮ ಜಠರದ ಒಳಪದರದಲ್ಲಿಯೂ ಇರುವುದು ಅವೇ. ಮನೆಯವರ ಅಂಗಿ ತೊಟ್ಟು ಬಂದ ಕಳ್ಳನಂತೆ.

1998ರಲ್ಲಿ ಅವರು ಪ್ರಕಟಿಸಿದ ವಿಷಯ ಇನ್ನೂ ಸ್ವಾರಸ್ಯದ್ದು. ಒಂದೇ ಬ್ಯಾಕ್ಟೀರಿಯಾದ ಸಂತತಿಯಲ್ಲಿ ಕೆಲವು ನೂರಕ್ಕೊಂದರಂತೆ ಬೇರೆ ಅಂಗಿಯವು ಹುಟ್ಟುತ್ತವೆ. ಸಕ್ಕರೆ ಜೋಡಿಸುವ ಜೀನ್‌ನಲ್ಲಿ 'ಸಿ' ಎಂಬ ಒಂದೇ ಅಕ್ಷರ ಸಾಲಾಗಿ ಬರುತ್ತದೆ. ನಕಲು ಮಾಡುವಾಗ ಅಲ್ಲೊಂದು 'ಸಿ' ಹೆಚ್ಚಾದರೆ ಅಥವಾ ಕಡಿಮೆಯಾದರೆ ಜೀನ್ ಬಂದ್. ಮುಂದೊಂದು ತಲೆಮಾರಿನಲ್ಲಿ ಅದೇ ರೀತಿ ಮತ್ತೆ ಚಾಲೂ ಆಗಬಹುದು. 2004ರಲ್ಲಿ ಅಲ್ಲಿನವರೇ ಇನ್ನೊಂದನ್ನು ತೋರಿಸಿದರು: ಲೂಯಿಸ್ ಗುರುತಿರುವ ಬ್ಯಾಕ್ಟೀರಿಯಾ ನಮ್ಮ ರೋಗನಿರೋಧಕ ಕೋಶಕ್ಕೆ ಅಂಟಿಕೊಂಡು ಅದರ ಸಿಟ್ಟನ್ನು ತಗ್ಗಿಸುತ್ತದೆ, ಗುರುತಿಲ್ಲದ್ದು ಹಾಗೆ ಅಂಟುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಎರಡೂ ಬಗೆ ಇದ್ದರೆ ಪರಿಸ್ಥಿತಿ ಹೇಗೇ ಬದಲಾದರೂ ಯಾವುದೋ ಒಂದು ಬದುಕುತ್ತದೆ.

ಇದು ವೇಷ, ತೆಗೆಯಬಹುದು, ಹಾಕಬಹುದು. ಔಷಧಿಗೆ ಬಗ್ಗದಿರುವುದು ಬೇರೆ ಮಾತು. ಕ್ಲಾರಿಥ್ರೊಮೈಸಿನ್ ಹೋಗಿ ಕೂರುವ ಜಾಗದಲ್ಲಿ ಡಿಎನ್‌ಎಯ ಒಂದೇ ಅಕ್ಷರ ಬದಲಾದರೂ ಸಾಕು, ಆ ಮಾತ್ರೆ ಕೆಲಸ ಮಾಡುವುದಿಲ್ಲ. ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಅಂಥವು ಒಂದೆರಡು ಮೊದಲೇ ಇರಬಹುದು. ಅದಕ್ಕೇ ಎರಡು ಮೂರು ಔಷಧಿಗಳನ್ನು ಒಟ್ಟಿಗೆ, ಸಾಮಾನ್ಯವಾಗಿ 14 ದಿನ ಕೊಡುವುದು. ನಾಲ್ಕನೇ ದಿನ ಉರಿ ನಿಂತಿತೆಂದು ಬಿಟ್ಟರೆ ಉಳಿಯುವುದು ಗಟ್ಟಿಗರ ವಂಶ. ಹಿಂದೆ ಕೆಮ್ಮಿಗೆಂದು ನುಂಗಿದ ಅಜಿಥ್ರೊಮೈಸಿನ್ ಕೂಡ ಅಂಥವನ್ನೇ ಆರಿಸಿಟ್ಟಿರಬಹುದು; ಅದೂ ಅದೇ ಜಾತಿಯ ಔಷಧಿ. ಚೀಟಿ ಬರೆಯುವ ಮುನ್ನ ಡಾಕ್ಟರಿಗೆ ಅದನ್ನು ಹೇಳಬೇಕು.

ಕೋರ್ಸ್ ಮುಗಿದ ಮೇಲೆ ಬ್ಯಾಕ್ಟೀರಿಯಾ ಹೋಯಿತೇ ಎಂದು ನೋಡಲು ಉಸಿರಿನ ಪರೀಕ್ಷೆಯಿದೆ. ಕನಿಷ್ಠ 4 ವಾರ ಕಾಯಬೇಕು. ಅದಕ್ಕೆ ಮುಂಚಿನ 2 ವಾರ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ನಿಲ್ಲಿಸಿರಬೇಕು, ಅದೂ ಡಾಕ್ಟರನ್ನು ಕೇಳಿಯೇ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ರಿಪೋರ್ಟಿನಲ್ಲಿ 'ಇಲ್ಲ' ಎಂದು ಬರಬಹುದು.